ಟ್ರಕ್ಕಿನ ಐಎಟಿ ಸೆನ್ಸರ್ ಸಂಕೇತವನ್ನು ತಿದ್ದುವುದು: ಯಾವಾಗ, ಹೇಗೆ, ಎಷ್ಟರ ಮಟ್ಟಿಗೆ

ಎಂಜಿನ್ನಿಗೆ ಒಳಸೇರುವ ಗಾಳಿಯ ತಾಪಮಾನವನ್ನು ಅಳೆದು, ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯುಗೆ ತಿಳಿಸುವ ಸಣ್ಣ ಬಿಡಿಭಾಗವೇ ಐಎಟಿ ಸೆನ್ಸರ್. ಅದರ ವೈರಿನ ನಡುವೆ ಒಂದು ರೆಸಿಸ್ಟರ್ (ವಿದ್ಯುತ್ ಹರಿವಿಗೆ ತಡೆಯೊಡ್ಡುವ ಬಿಡಿಭಾಗ) ಸೇರಿಸಿ, ಬಿಸಿ ಗಾಳಿಯನ್ನು ತಂಪು ಗಾಳಿಯೆಂದು ಇಸಿಯುವನ್ನು ನಂಬಿಸಿದರೆ ಟ್ರಕ್ಕಿನ ಎಳೆತ ಹೆಚ್ಚುತ್ತದೆ ಎಂಬ ಮಾತು ಬಹುಕಾಲದಿಂದ ಚಾಲ್ತಿಯಲ್ಲಿದೆ. ‘ಪರ್ಫಾರ್ಮೆನ್ಸ್ ಚಿಪ್’ ಎಂಬ ಹೆಸರು ಹೊತ್ತು ಮಾರಾಟವಾಗುವ ಅಗ್ಗದ ಸಾಮಗ್ರಿಗಳಲ್ಲಿ ಕೆಲವನ್ನು ಬಿಚ್ಚಿ ನೋಡಿದರೆ ಒಳಗಿರುವುದೂ ಆ ಒಂದು ರೆಸಿಸ್ಟರೇ. ಈ ಮಾತು ಪೂರ್ತಿ ಸುಳ್ಳಲ್ಲ. ಸೆನ್ಸರ್ ತಾನು ಕುಳಿತ ಜಾಗದ ಕಾವಿನಿಂದಾಗಿ ಗಾಳಿಯ ನಿಜವಾದ ತಾಪಮಾನಕ್ಕಿಂತ ಹೆಚ್ಚನ್ನು ಹೇಳುತ್ತಿದ್ದರೆ, ಆ ಸಂಕೇತವನ್ನು ತಿದ್ದುವುದು ತಪ್ಪೊಂದನ್ನು ಸರಿಪಡಿಸಿದಂತೆ. ಅದರಿಂದ ಕಳೆದುಹೋಗಿದ್ದ ಶಕ್ತಿ ಮರಳುತ್ತದೆ. ಸೆನ್ಸರ್ ಸರಿಯಾಗಿಯೇ ಹೇಳುತ್ತಿರುವಾಗ ಸಂಕೇತವನ್ನು ತಿದ್ದಿದರೆ ಗಾಳಿ ತಂಪಾಗುವುದಿಲ್ಲ, ಇಸಿಯುವಿನ ಲೆಕ್ಕ ಮಾತ್ರ ಕೆಡುತ್ತದೆ. ಆದ್ದರಿಂದ ಮೊದಲು ಅಳತೆ, ಆಮೇಲೆ ತಿದ್ದುಪಡಿ ಎಂಬ ಕ್ರಮದಲ್ಲಿಯೇ ಈ ಕೆಲಸವನ್ನು ಮಾಡಬೇಕು.

ಸಂಕೇತ ಹುಟ್ಟುವ ಬಗೆ

ಸೆನ್ಸರಿನ ತುದಿಯಲ್ಲಿರುವುದು ಥರ್ಮಿಸ್ಟರ್ ಎಂಬ ವಸ್ತು. ಬಿಸಿಯಾದಂತೆ ಅದರ ವಿದ್ಯುತ್ ರೋಧ ಕಡಿಮೆಯಾಗುತ್ತದೆ, ತಣ್ಣಗಾದಂತೆ ಹೆಚ್ಚುತ್ತದೆ. ಈ ಏರಿಳಿತ ಸರಳರೇಖೆಯಂತೆ ಸಮನಾಗಿರುವುದಿಲ್ಲ ಎಂಬುದನ್ನು ನೆನಪಿಡಬೇಕು, ಏಕೆಂದರೆ ಮುಂದಿನ ತೊಂದರೆಗಳೆಲ್ಲ ಹುಟ್ಟುವುದು ಅಲ್ಲಿಂದಲೇ. ಜನರಲ್ ಮೋಟಾರ್ಸ್ ವಾಹನಗಳಲ್ಲಿ ಹಲವು ವರ್ಷ ಬಳಕೆಯಲ್ಲಿದ್ದ ಸೆನ್ಸರನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ಅದರ ರೋಧ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 9,420 ಓಮ್, 20 ಡಿಗ್ರಿಯಲ್ಲಿ 3,520, 40 ಡಿಗ್ರಿಯಲ್ಲಿ 1,459, 60 ಡಿಗ್ರಿಯಲ್ಲಿ 667, 80 ಡಿಗ್ರಿಯಲ್ಲಿ 332 ಮತ್ತು 100 ಡಿಗ್ರಿಯಲ್ಲಿ ಕೇವಲ 177 ಓಮ್. ಬಾಷ್ ಸಂಸ್ಥೆಯ ಹಲವು ಸೆನ್ಸರುಗಳು 20 ಡಿಗ್ರಿಯಲ್ಲಿ 2,500 ಓಮ್ ತೋರಿಸುತ್ತವೆ. ನಿಮ್ಮ ಟ್ರಕ್ಕಿನ ಸೆನ್ಸರಿಗೆ ಯಾವ ಪಟ್ಟಿ ಅನ್ವಯಿಸುತ್ತದೆ ಎಂಬುದನ್ನು ಅದರ ವರ್ಕ್‌ಶಾಪ್ ಕೈಪಿಡಿಯಿಂದಲೇ ತಿಳಿಯಬೇಕು. ಒಂದು ಪಟ್ಟಿಯ ಲೆಕ್ಕವನ್ನು ಇನ್ನೊಂದು ಸೆನ್ಸರಿಗೆ ಹಾಕಿದರೆ ಮೊದಲ ಹೆಜ್ಜೆಯೇ ತಪ್ಪುತ್ತದೆ.

ಇಸಿಯು ತನ್ನೊಳಗಿನ ಒಂದು ನಿಗದಿತ ರೋಧದ ಮೂಲಕ 5 ವೋಲ್ಟನ್ನು ಸೆನ್ಸರಿಗೆ ಕಳುಹಿಸುತ್ತದೆ ಮತ್ತು ಸೆನ್ಸರಿನ ಎರಡು ತುದಿಗಳ ನಡುವೆ ಉಳಿಯುವ ವೋಲ್ಟೇಜನ್ನು ಓದುತ್ತದೆ. ಗಾಳಿ ಬಿಸಿಯಾದರೆ ಈ ವೋಲ್ಟೇಜ್ ಇಳಿಯುತ್ತದೆ, ತಂಪಾದರೆ ಏರುತ್ತದೆ. ವೈರು ಕಡಿದುಹೋದರೆ ವೋಲ್ಟೇಜ್ 5ರ ಹತ್ತಿರಕ್ಕೆ ಹೋಗಿ ಪಿ0113 ಎಂಬ ದೋಷಸಂಕೇತ ದಾಖಲಾಗುತ್ತದೆ. ವೈರುಗಳು ಒಂದಕ್ಕೊಂದು ತಾಗಿ ಶಾರ್ಟ್ ಆದರೆ ವೋಲ್ಟೇಜ್ ಸೊನ್ನೆಯ ಹತ್ತಿರ ಬಂದು ಪಿ0112 ದಾಖಲಾಗುತ್ತದೆ. ಓದು ಎರಡು ಮಿತಿಗಳ ನಡುವೆಯೇ ಇದ್ದರೂ ನಂಬಲರ್ಹವಲ್ಲ ಎಂದು ಇಸಿಯುಗೆ ಕಂಡರೆ ಪಿ0111 ಬರುತ್ತದೆ. ಉದಾಹರಣೆಗೆ, ರಾತ್ರಿಯಿಡೀ ನಿಂತ ಟ್ರಕ್ಕಿನಲ್ಲಿ ಕೂಲಂಟಿನ (ಎಂಜಿನ್ನನ್ನು ತಣಿಸುವ ದ್ರವದ) ತಾಪಮಾನವೂ ಗಾಳಿಯ ತಾಪಮಾನವೂ ಹೆಚ್ಚುಕಡಿಮೆ ಒಂದೇ ಇರಬೇಕು. ಇಲ್ಲದಿದ್ದರೆ ಈಚಿನ ಇಸಿಯುಗಳಿಗೆ ಸಂಶಯ ಬರುತ್ತದೆ. ಸೆನ್ಸರನ್ನು ಪೂರ್ತಿ ತೆಗೆದು ಅದರ ಜಾಗದಲ್ಲಿ ರೋಧ ಬದಲಾಗದ ಒಂದು ರೆಸಿಸ್ಟರನ್ನು ಕೂರಿಸುವ ಉಪಾಯವು ಈಚಿನ ವಾಹನಗಳಲ್ಲಿ ಹೆಚ್ಚು ಕಾಲ ನಡೆಯದಿರುವುದು ಇದೇ ಕಾರಣಕ್ಕೆ.

ಈ ತಾಪಮಾನವನ್ನು ಇಸಿಯು ಎರಡು ಕೆಲಸಗಳಿಗೆ ಬಳಸುತ್ತದೆ. ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯಾದ ಮ್ಯಾನಿಫೋಲ್ಡಿನ ಒತ್ತಡವನ್ನು ಅಳೆದು ಅದರಿಂದ ಗಾಳಿಯ ತೂಕವನ್ನು ಲೆಕ್ಕಹಾಕುವ ಪೆಟ್ರೋಲ್ ಎಂಜಿನ್ನುಗಳಲ್ಲಿ ಇಂಧನದ ಪ್ರಮಾಣವೇ ಈ ಓದಿನ ಮೇಲೆ ನಿಂತಿರುತ್ತದೆ. ಗಾಳಿಯ ಹರಿವನ್ನು ನೇರವಾಗಿ ಅಳೆಯುವ ಎಂಎಎಫ್ ಸೆನ್ಸರ್ ಇರುವ ಎಂಜಿನ್ನುಗಳಲ್ಲಿ ಐಎಟಿ ಓದು ಮುಖ್ಯವಾಗಿ ಇಗ್ನಿಷನ್ ಟೈಮಿಂಗಿಗೆ (ಕಿಡಿ ಹಾರುವ ಕ್ಷಣವನ್ನು ನಿರ್ಧರಿಸಲು) ಬಳಕೆಯಾಗುತ್ತದೆ: ಗಾಳಿ ಬಿಸಿಯಾದಷ್ಟೂ ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿ ಸಿಡಿದು ಉರಿಯುವುದು) ಬರುವ ಸಂಭವ ಹೆಚ್ಚಾದ್ದರಿಂದ ಇಸಿಯು ಟೈಮಿಂಗನ್ನು ಹಿಂದಕ್ಕೆ ಎಳೆಯುತ್ತದೆ, ಶಕ್ತಿ ಕುಂದುತ್ತದೆ. ಬೇಸಿಗೆಯಲ್ಲಿ, ದಟ್ಟಣೆಯಲ್ಲಿ ನಿಂತು ಹೊರಟಾಗ ಟ್ರಕ್ಕು ಮಂಕಾದಂತೆ ಅನ್ನಿಸುವುದಕ್ಕೆ ಇದೂ ಒಂದು ಕಾರಣ. ತಿದ್ದುಪಡಿ ಮಾಡುವವರು ಮರಳಿ ಪಡೆಯಲು ಬಯಸುವುದು ಈ ಟೈಮಿಂಗನ್ನೇ.

ಮೊದಲು ಅಳತೆ

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ. ಒಂದು ಡಿಜಿಟಲ್ ಮಲ್ಟಿಮೀಟರ್, ಇಸಿಯುವಿನ ಓದುಗಳನ್ನು ಓಡುವಾಗಲೂ ದಾಖಲಿಸಬಲ್ಲ ಒಬಿಡಿ ಸ್ಕ್ಯಾನರ್, ತೆಳುವಾದ ವೈರಿನ ಕೆ ಮಾದರಿಯ ಥರ್ಮೋಕಪಲ್ (ತಾಪಮಾನ ಅಳೆಯುವ ವೈರು) ಇಷ್ಟಿದ್ದರೆ ಸಾಕು. ಕೆಲವು ಮಲ್ಟಿಮೀಟರುಗಳ ಜೊತೆಗೇ ಥರ್ಮೋಕಪಲ್ ಬಂದಿರುತ್ತದೆ.

ಎಂಜಿನ್ ಪೂರ್ತಿ ತಣ್ಣಗಿರುವಾಗ, ಸ್ಟಾರ್ಟ್ ಮಾಡದೆ ಕೀಲಿಯನ್ನು ಮಾತ್ರ ತಿರುಗಿಸಿ, ಸ್ಕ್ಯಾನರಿನಲ್ಲಿ ಐಎಟಿ ಮತ್ತು ಕೂಲಂಟ್ ತಾಪಮಾನಗಳನ್ನು ನೋಡಬೇಕು. ಎರಡೂ ಹೊರಗಿನ ತಾಪಮಾನಕ್ಕೆ ಎರಡು ಮೂರು ಡಿಗ್ರಿಯೊಳಗೆ ಹೊಂದಿಕೆಯಾಗಬೇಕು. ಆಗದಿದ್ದರೆ ಸೆನ್ಸರನ್ನು ಬಿಚ್ಚಿ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಕರಗುತ್ತಿರುವ ಮಂಜುಗಡ್ಡೆಯ ನೀರಿನಲ್ಲಿ ತುದಿಯನ್ನು ಮಾತ್ರ ಅದ್ದಿ, ಓದು ಸ್ಥಿರವಾಗುವವರೆಗೆ ಕಾದು ರೋಧವನ್ನು ಅಳೆದರೆ 0 ಡಿಗ್ರಿಯ ರೋಧ ಸಿಗುತ್ತದೆ. ಕುದಿಯುವ ನೀರಿನಲ್ಲಿ ಅಳೆದರೆ 100ರ ಹತ್ತಿರದ ರೋಧ ಸಿಗುತ್ತದೆ. ಸಮುದ್ರಮಟ್ಟದಿಂದ ಮೇಲಕ್ಕೆ ಹೋದಂತೆ ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ನೀರು ಕುದಿಯುವ ತಾಪಮಾನ ಇಳಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕನೆಕ್ಟರಿನ ಭಾಗಕ್ಕೆ ನೀರು ತಾಗಬಾರದು.

ಸೆನ್ಸರ್ ಸರಿಯಿದ್ದೂ ಓದು ತಪ್ಪಿದ್ದರೆ ದೋಷ ವೈರಿನಲ್ಲಿದೆ. ಕನೆಕ್ಟರ್ ಬಿಚ್ಚಿ, ಕೀಲಿ ಹಾಕಿ, ಎರಡು ಪಿನ್ನುಗಳ ನಡುವೆ ಅಳೆದಾಗ 5 ವೋಲ್ಟಿನ ಆಸುಪಾಸು ಬರಬೇಕು. ಇಲ್ಲೊಂದು ಸ್ವಾರಸ್ಯವಿದೆ: ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದರೆ ಅದೂ ಒಂದು ರೆಸಿಸ್ಟರಿನಂತೆ ವರ್ತಿಸಿ, ಗಾಳಿ ಇರುವುದಕ್ಕಿಂತ ತಂಪಾಗಿದೆ ಎಂದು ಇಸಿಯುಗೆ ತೋರಿಸುತ್ತದೆ. ಹಣ ಕೊಟ್ಟು ಕೊಳ್ಳುವ ‘ಚಿಪ್’ ಮಾಡುವ ಕೆಲಸವನ್ನೇ ಕಿಲುಬು ಪುಕ್ಕಟೆಯಾಗಿ ಮಾಡುತ್ತದೆ, ಆದರೂ ಅದನ್ನು ಯಾರೂ ಶಕ್ತಿವರ್ಧಕವೆಂದು ಕರೆಯುವುದಿಲ್ಲ. ಪಿನ್ನುಗಳನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ಶುಚಿಗೊಳಿಸಿ, ಸಡಿಲವಿದ್ದರೆ ಬದಲಿಸಿದ ಮೇಲೆಯೇ ಮುಂದಿನ ಹೆಜ್ಜೆ ಇಡಬೇಕು.

ಆನಂತರ ಓಡಿಸಿ ನೋಡುವ ಅಳತೆ. ಥರ್ಮೋಕಪಲಿನ ತೆರೆದ ತುದಿಯನ್ನು ಗಾಳಿ ಕೊಳವೆಯೊಳಗೆ, ಸೆನ್ಸರಿಗೆ ಸಾಧ್ಯವಾದಷ್ಟು ಹತ್ತಿರದಲ್ಲಿ, ಕೊಳವೆಯ ಗೋಡೆಗೆ ತಾಗದಂತೆ ನಿಲ್ಲಿಸಬೇಕು. ಅದರ ವೈರನ್ನು ಕೊಳವೆಯ ಹೊರಗೆ ಟೈ ಹಾಕಿ ಬಿಗಿಯಾಗಿ ಕಟ್ಟದಿದ್ದರೆ ಗಾಳಿಯ ಸೆಳೆತಕ್ಕೆ ಸಿಕ್ಕಿ ಎಂಜಿನ್ನಿನೊಳಗೆ ಹೋದೀತು. ಟರ್ಬೊ ಇರುವ ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತುವ ಕಂಪ್ರೆಸರಿಗೆ ಮುಂಚಿನ ಕೊಳವೆಯಲ್ಲಿ ಈ ಪ್ರಯೋಗ ಮಾಡಲೇಬಾರದು. ಅತಿವೇಗದಿಂದ ತಿರುಗುವ ಚಕ್ರಕ್ಕೆ ಒಂದು ವೈರಿನ ತುಣುಕು ಸಿಕ್ಕಿದರೂ ಟರ್ಬೊ ಹಾಳಾಗುತ್ತದೆ. ಎಂಜಿನ್ ಕಾದ ಮೇಲೆ ಕೆಲವು ನಿಮಿಷ ನಿಂತಲ್ಲಿಯೇ ಓಡಿಸಿ, ಬಳಿಕ ಒಂದೇ ವೇಗದಲ್ಲಿ ಹತ್ತು ನಿಮಿಷ ಸಾಗಿ, ಐಎಟಿ, ಥರ್ಮೋಕಪಲ್, ಟೈಮಿಂಗ್ ಮತ್ತು ಫ್ಯೂಯಲ್ ಟ್ರಿಮ್ (ಇಂಧನದ ಪ್ರಮಾಣದಲ್ಲಿ ಇಸಿಯು ಮಾಡಿಕೊಳ್ಳುವ ಹೆಚ್ಚುಕಡಿಮೆ) ಓದುಗಳನ್ನು ದಾಖಲಿಸಬೇಕು. ಓಡುವಾಗ ಓದುಗಳನ್ನು ನೋಡಿ ಬರೆದುಕೊಳ್ಳುವ ಕೆಲಸ ಜೊತೆಗಿರುವವರದು, ಚಾಲಕನದಲ್ಲ.

ಈ ದಾಖಲೆಯನ್ನು ಓದುವುದರಲ್ಲಿಯೇ ಇಡೀ ಕೆಲಸದ ಸಾರವಿದೆ. ನಿಂತಾಗ ಎರಡೂ ಓದುಗಳು ಏರಿ, ಹೊರಟ ಕೂಡಲೇ ಅರ್ಧ ನಿಮಿಷದೊಳಗೆ ಎರಡೂ ಒಟ್ಟಿಗೆ ಇಳಿದರೆ ಗಾಳಿಯೇ ಬಿಸಿಯಾಗಿತ್ತು, ಸೆನ್ಸರ್ ಹೇಳಿದ್ದು ಸರಿ. ಥರ್ಮೋಕಪಲ್ ಬೇಗ ಇಳಿದು, ಐಎಟಿ ಮಾತ್ರ ನಿಮಿಷಗಟ್ಟಲೆ ಮೇಲೆಯೇ ಉಳಿದು ನಿಧಾನವಾಗಿ ಜಾರಿದರೆ, ಸೆನ್ಸರಿನ ಲೋಹದ ಮೈ ಮ್ಯಾನಿಫೋಲ್ಡಿನ ಕಾವನ್ನು ಹೀರಿಕೊಂಡಿದೆ ಎಂದರ್ಥ; ತಿದ್ದಲು ಯೋಗ್ಯವಾದ ದೋಷ ಇದೊಂದೇ. ಇನ್ನು, ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಸ್ಥಿರ ವೇಗದಲ್ಲಿ ಸಾಗುವಾಗಲೂ ಎರಡೂ ಓದುಗಳು ಹೊರಗಿನ ಗಾಳಿಗಿಂತ 20 ಡಿಗ್ರಿಗೂ ಮೇಲಿದ್ದರೆ, ಏರ್ ಫಿಲ್ಟರ್ ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂತಿಲ್ಲ ಅಥವಾ ಮುಂಭಾಗದಿಂದ ಗಾಳಿ ತರುವ ಕೊಳವೆ ಕಳಚಿ ಬಾನೆಟ್ಟಿನೊಳಗಿನ ಬಿಸಿ ಗಾಳಿಯೇ ಒಳಹೋಗುತ್ತಿದೆ ಎಂದು ಶಂಕಿಸಬೇಕು. ಅಲ್ಲಿ ಬೇಕಾಗಿರುವುದು ರೆಸಿಸ್ಟರ್ ಅಲ್ಲ, ಒಂದು ಕ್ಲಾಂಪು.

ರೆಸಿಸ್ಟರ್ ಮಾಡುವುದೇನು

ಸೆನ್ಸರಿನ ಒಂದು ವೈರಿನಲ್ಲಿ ಸರಣಿಯಾಗಿ ರೆಸಿಸ್ಟರ್ ಸೇರಿಸಿದರೆ ಒಟ್ಟು ರೋಧ ಹೆಚ್ಚುತ್ತದೆ, ಇಸಿಯು ಗಾಳಿಯನ್ನು ತಂಪೆಂದು ಓದುತ್ತದೆ. ಕೇಳಲು ಸರಳ. ಆದರೆ ಮೇಲೆ ಹೇಳಿದ ಪಟ್ಟಿಯನ್ನು ಹಿಡಿದು 1,000 ಓಮ್ ರೆಸಿಸ್ಟರಿನ ಲೆಕ್ಕ ಮಾಡಿ ನೋಡೋಣ. ಗಾಳಿ 0 ಡಿಗ್ರಿ ಇರುವಾಗ ಒಟ್ಟು 10,420 ಓಮ್ ಆಗಿ ಇಸಿಯುಗೆ ಸುಮಾರು ಮೈನಸ್ 2 ಡಿಗ್ರಿ ಕಾಣುತ್ತದೆ; ವ್ಯತ್ಯಾಸ ಎರಡೇ ಡಿಗ್ರಿ. 20 ಡಿಗ್ರಿ ಇರುವಾಗ ಸುಮಾರು 15 ಎಂದು ಕಾಣುತ್ತದೆ. 60 ಇರುವಾಗ 37 ಎಂದು, 80 ಇರುವಾಗ 42 ಎಂದು, 100 ಇರುವಾಗ 45 ಎಂದು ಕಾಣುತ್ತದೆ. ಗಾಳಿ ಅದೆಷ್ಟೇ ಕಾದರೂ ಇಸಿಯುವಿನ ಪಾಲಿಗೆ ಅದು 50 ಡಿಗ್ರಿಯನ್ನು ಎಂದೂ ದಾಟುವುದಿಲ್ಲ. ಅಂದರೆ ತಂಪು ಹೊತ್ತಿನಲ್ಲಿ, ಎಂಜಿನ್ನಿಗೆ ಯಾವ ಅಪಾಯವೂ ಇಲ್ಲದಿರುವಾಗ, ರೆಸಿಸ್ಟರ್ ಬಹುತೇಕ ಏನೂ ಮಾಡುವುದಿಲ್ಲ; ಏರುದಾರಿಯಲ್ಲಿ ಭಾರ ಹೊತ್ತು, ಕಾದ ಗಾಳಿಯನ್ನು ಎಳೆದುಕೊಂಡು ಎಂಜಿನ್ ಒದ್ದಾಡುತ್ತಿರುವಾಗ, ಇಸಿಯು ತನ್ನ ರಕ್ಷಣೆಯ ಲೆಕ್ಕಗಳಿಗೆ ಆ ಓದನ್ನೇ ನೆಚ್ಚಿರುವ ಹೊತ್ತಿನಲ್ಲಿ, ಅದು ಅತಿ ದೊಡ್ಡ ಸುಳ್ಳು ಹೇಳುತ್ತದೆ. ರೆಸಿಸ್ಟರ್ ಸಲಹೆ ಕೊಡುವವರಲ್ಲಿ ಹೆಚ್ಚಿನವರು ಈ ಲೆಕ್ಕವನ್ನು ಮಾಡಿ ನೋಡಿರುವುದಿಲ್ಲ ಎಂಬುದು ನನ್ನ ಅನಿಸಿಕೆ.

ಚಿಕ್ಕ ರೆಸಿಸ್ಟರ್ ಹಾಕಿದರೆ ತೊಂದರೆ ತಗ್ಗುತ್ತದೆ, ತಪ್ಪುವುದಿಲ್ಲ. 50 ಡಿಗ್ರಿಯ ಗಾಳಿಯನ್ನು 40 ಎಂದು ತೋರಿಸಲು ಸುಮಾರು 486 ಓಮ್ ಬೇಕು. ಸುಲಭವಾಗಿ ಸಿಗುವುದು 470. ಅದೇ 470 ಓಮ್ 20 ಡಿಗ್ರಿಯಲ್ಲಿ ಮೂರು ಡಿಗ್ರಿಗಿಂತ ಕಡಿಮೆ ವ್ಯತ್ಯಾಸ ಮಾಡುತ್ತದೆ, 80 ಡಿಗ್ರಿಯಲ್ಲಿ ಮಾತ್ರ 25 ಡಿಗ್ರಿಯಷ್ಟು ಕಡಿಮೆ ತೋರಿಸುತ್ತದೆ.

ಸೆನ್ಸರಿಗೆ ಸಮಾಂತರವಾಗಿ ರೆಸಿಸ್ಟರ್ ಜೋಡಿಸಿದರೆ ಫಲ ತಿರುಗುಮುರುಗು: ಒಟ್ಟು ರೋಧ ಇಳಿದು ಗಾಳಿ ಬಿಸಿಯೆಂದು ಕಾಣುತ್ತದೆ. ಚಳಿ ಪ್ರದೇಶಗಳಲ್ಲಿ ಇಂಧನ ಉಳಿಸುವ ಆಸೆಯಿಂದ ಕೆಲವರು ಹೀಗೆ ಮಾಡುವುದುಂಟು. 10,000 ಓಮ್ ಸಮಾಂತರವಾಗಿದ್ದರೆ 0 ಡಿಗ್ರಿಯ ಗಾಳಿ 13 ಡಿಗ್ರಿಯ ಸುತ್ತಮುತ್ತ ಕಾಣುತ್ತದೆ, 60 ಡಿಗ್ರಿಯದು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಎಂಜಿನ್ನಿನ ಮಟ್ಟಿಗೆ ಇದು ಮೊದಲಿನಷ್ಟು ಅಪಾಯಕಾರಿಯಲ್ಲ, ಆದರೆ ಶಕ್ತಿಯನ್ನೇನೂ ಕೊಡುವುದಿಲ್ಲ.

ಎರಡೂ ಜೋಡಣೆಗಳಲ್ಲಿ ಇನ್ನೊಂದು ನಷ್ಟವಿದೆ. ಸರಣಿ ರೆಸಿಸ್ಟರ್ ಇರುವಾಗ ಸೆನ್ಸರಿನ ಬಳಿ ವೈರು ಶಾರ್ಟ್ ಆದರೂ ಇಸಿಯುಗೆ 1,000 ಓಮ್ ಕಾಣುತ್ತದೆ. ಸಮಾಂತರ ರೆಸಿಸ್ಟರ್ ಇರುವಾಗ ಸೆನ್ಸರ್ ಕಡಿದುಹೋದರೂ 10,000 ಓಮ್ ಕಾಣುತ್ತದೆ. ಎರಡೂ ಇಸಿಯುವಿನ ದೃಷ್ಟಿಯಲ್ಲಿ ಸಹಜವಾದ ತಾಪಮಾನಗಳೇ ಆದ್ದರಿಂದ ಮಿತಿ ಮೀರಿದ ದೋಷಸಂಕೇತ ಬರುವುದೇ ಇಲ್ಲ.

ಇಂಧನದ ಲೆಕ್ಕವನ್ನೂ ನೋಡಬೇಕು. ಗಾಳಿಯ ಸಾಂದ್ರತೆ ಅದರ ನಿರಪೇಕ್ಷ ತಾಪಮಾನಕ್ಕೆ ವಿಲೋಮವಾಗಿರುತ್ತದೆ. 60 ಡಿಗ್ರಿಯ ಗಾಳಿಯನ್ನು 37 ಎಂದು ನಂಬಿದ ಇಸಿಯು, ಒತ್ತಡದಿಂದ ಲೆಕ್ಕಹಾಕುವ ಎಂಜಿನ್ನಿನಲ್ಲಿ, ಇಲ್ಲದ ಗಾಳಿಗೆ ಸುಮಾರು ಶೇಕಡಾ 7ರಷ್ಟು ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಅನೇಕ ಇಸಿಯುಗಳು ಐಎಟಿಯ ಜೊತೆ ಕೂಲಂಟ್ ತಾಪಮಾನವನ್ನೂ ಬೆರೆಸಿ ಲೆಕ್ಕ ಮಾಡುವುದರಿಂದ ನಿಜವಾದ ಹೆಚ್ಚಳ ಇದಕ್ಕಿಂತ ಸ್ವಲ್ಪ ಕಡಿಮೆ ಇರಬಹುದು. ಸಾಮಾನ್ಯ ಓಟದಲ್ಲಿ ಆಕ್ಸಿಜನ್ ಸೆನ್ಸರ್ ಈ ಹೆಚ್ಚಳವನ್ನು ಕಂಡುಹಿಡಿಯುತ್ತದೆ, ಇಸಿಯು ಫ್ಯೂಯಲ್ ಟ್ರಿಮ್ಮನ್ನು ಮೈನಸ್ ಕಡೆಗೆ ತಂದು ಅದನ್ನು ಕಳೆದುಹಾಕುತ್ತದೆ. ಹೀಗೆ ಕಲಿತ ಟ್ರಿಮ್ಮನ್ನು ಅನೇಕ ಇಸಿಯುಗಳು ಪೂರ್ತಿ ಆಕ್ಸಿಲರೇಟರ್ ಒತ್ತಿದಾಗಲೂ ಬಳಸುತ್ತವೆ. ‘ಹಾಕಿದ ಹೊಸದರಲ್ಲಿ ಚೆನ್ನಾಗಿ ಎಳೆಯುತ್ತಿತ್ತು, ಆಮೇಲೆ ಮೊದಲಿನಂತೆಯೇ ಆಯಿತು’ ಎಂಬ ಮಾತಿನ ಹಿಂದಿರುವುದು ಬಹುಮಟ್ಟಿಗೆ ಇದೇ. ಬ್ಯಾಟರಿ ಬಿಚ್ಚಿ ಹಾಕಿದರೆ ಕಲಿಕೆ ಅಳಿಸಿಹೋಗಿ ಮತ್ತೆ ಕೆಲವು ದಿನ ಅದೇ ಅನುಭವವಾಗುತ್ತದೆ. ಆಕ್ಸಿಜನ್ ಸೆನ್ಸರ್ ಸರಿಪಡಿಸಲಾರದ್ದು ಟೈಮಿಂಗ್ ಒಂದನ್ನೇ, ಮತ್ತು ನಾಕಿಂಗ್ ಬರುವುದು ಅಲ್ಲಿಂದಲೇ.

ಪರೀಕ್ಷಿಸಿ ನೋಡಲೇಬೇಕೆಂದರೆ

ಇಷ್ಟಾದ ಮೇಲೂ ತಮ್ಮ ಎಂಜಿನ್ ಹೇಗೆ ಪ್ರತಿಕ್ರಿಯಿಸುತ್ತದೆ ಎಂದು ನೋಡುವ ಕುತೂಹಲವಿರುವವರು, ಸಾರ್ವಜನಿಕ ರಸ್ತೆಯಲ್ಲಿ ಬೇಡವೇ ಬೇಡ, ಡೈನೋ (ವಾಹನವನ್ನು ನಿಂತಲ್ಲಿಯೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ, ತಾತ್ಕಾಲಿಕವಾಗಿ ಪರೀಕ್ಷಿಸಬಹುದು. ವಾಹನದ ಮೂಲ ವೈರನ್ನು ಕತ್ತರಿಸಬಾರದು. ಅದೇ ಮಾದರಿಯ ಗಂಡು ಮತ್ತು ಹೆಣ್ಣು ಕನೆಕ್ಟರುಗಳನ್ನು ತಂದು, ನಡುವೆ ಎರಡು ವೈರು ಬೆಸೆದು, ಸೆನ್ಸರ್ ಮತ್ತು ಮೂಲ ಕನೆಕ್ಟರಿನ ಮಧ್ಯೆ ಸಿಕ್ಕಿಸುವ ತುಂಡೊಂದನ್ನು ತಯಾರಿಸಬೇಕು. ಬೇಡವೆನಿಸಿದಾಗ ಕಳಚಿದರೆ ಎಲ್ಲವೂ ಮೊದಲಿನಂತಾಗುತ್ತದೆ. ಒಂದು ವೈರಿನ ನಡುವೆ 500 ಓಮ್ ಪೊಟೆನ್ಶಿಯೋಮೀಟರ್ (ತಿರುಗಿಸಿ ರೋಧ ಬದಲಿಸಬಹುದಾದ ರೆಸಿಸ್ಟರ್) ಇಡಬೇಕು. ಹರಿಯುವ ಕರೆಂಟು ಕೆಲವು ಮಿಲಿಆಂಪಿಯರಿಗಿಂತ ಹೆಚ್ಚಿಲ್ಲದ ಕಾರಣ ಕಾಲು ವ್ಯಾಟಿನ ಸಾಮಗ್ರಿಯೇ ಸಾಕು. ವೈರಿನ ಮೇಲೆ ಒತ್ತಿ ಚುಚ್ಚುವ ಜೋಡಣೆಗಳನ್ನು ಬಳಸಬಾರದು. ಬೆಸುಗೆ ಹಾಕಿ ಹೀಟ್ ಶ್ರಿಂಕ್ ಕೊಳವೆಯಿಂದ ಮುಚ್ಚಬೇಕು.

ಪೊಟೆನ್ಶಿಯೋಮೀಟರನ್ನು ಸೊನ್ನೆಯಲ್ಲಿಟ್ಟು ಒಮ್ಮೆ ಓಡಿಸಿ ಮೂಲ ದಾಖಲೆ ಪಡೆದು, ಬಳಿಕ ಸ್ಕ್ಯಾನರಿನಲ್ಲಿ ಐಎಟಿ ಐದು ಡಿಗ್ರಿ ಇಳಿಯುವಷ್ಟು ಮಾತ್ರ ತಿರುಗಿಸಿ ಮತ್ತೆ ಓಡಿಸಬೇಕು. ಹತ್ತು ಡಿಗ್ರಿಗಿಂತ ಹೆಚ್ಚು ಇಳಿಸಬಾರದು. ನೋಡಬೇಕಾದದ್ದು ಟೈಮಿಂಗ್ ಮುಂದಕ್ಕೆ ಹೋಯಿತೇ, ಹೋದ ಟೈಮಿಂಗ್ ನಿಂತಿತೇ ಎಂಬುದನ್ನು. ಭಾರ ಬಿದ್ದಾಗ ಟೈಮಿಂಗ್ ಒಂದೆರಡು ಡಿಗ್ರಿ (ಇಲ್ಲಿ ಡಿಗ್ರಿ ತಾಪಮಾನದ್ದಲ್ಲ, ಎಂಜಿನ್ ತಿರುಗುವ ಕೋನದ್ದು) ಮುಂದೆ ಹೋಗಿ ಥಟ್ಟನೆ ಹಿಂದೆ ಬೀಳುತ್ತಿದ್ದರೆ ನಾಕ್ ಸೆನ್ಸರ್ ಕೆಲಸ ಮಾಡುತ್ತಿದೆ ಎಂದರ್ಥ. ಆ ಎಂಜಿನ್ನಿಗೆ, ಆ ಇಂಧನಕ್ಕೆ, ಹೆಚ್ಚಿನ ಟೈಮಿಂಗ್ ಬೇಕಿಲ್ಲ. ಕಬ್ಬಿಣದ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂಥ ಸದ್ದು ಕಿವಿಗೇ ಕೇಳಿಸಿದರೆ ಕೂಡಲೇ ಆಕ್ಸಿಲರೇಟರಿನಿಂದ ಕಾಲು ತೆಗೆದು, ಪೊಟೆನ್ಶಿಯೋಮೀಟರನ್ನು ಸೊನ್ನೆಗೆ ತಂದು, ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಬೇಕು. ನಾಕಿಂಗ್ ಮುಂದುವರಿದರೆ ಪಿಸ್ಟನ್ ರಿಂಗುಗಳ ನಡುವಿನ ಅಂಚು ಒಡೆಯುತ್ತದೆ, ಹೆಡ್ ಗ್ಯಾಸ್ಕೆಟ್ ಸುಡುತ್ತದೆ.

ಹೊಗೆ ನಿಯಂತ್ರಣಕ್ಕೆ ಸಂಬಂಧಿಸಿದ ಸೆನ್ಸರಿನ ಸಂಕೇತವನ್ನು ಹೀಗೆ ಬದಲಿಸುವುದನ್ನು ಅನೇಕ ದೇಶಗಳ ಕಾನೂನು ನಿಷೇಧಿಸುತ್ತದೆ, ವಾರಂಟಿಯೂ ಕೈತಪ್ಪಬಹುದು. ಆದ್ದರಿಂದ ಪರೀಕ್ಷೆಯ ತುಂಡನ್ನು ವಾಹನದಲ್ಲಿ ಶಾಶ್ವತವಾಗಿ ಬಿಡಬಾರದು.

ಸೆನ್ಸರಿನ ಜಾಗ ಬದಲಿಸುವುದು

ಅಳತೆಯಲ್ಲಿ ಕಾವು ಹೀರಿಕೊಂಡ ದೋಷ ಖಚಿತವಾದವರಿಗೂ ರೆಸಿಸ್ಟರ್ ಸರಿಯಾದ ಮದ್ದಲ್ಲ, ಏಕೆಂದರೆ ದೋಷದ ಪ್ರಮಾಣ ಸ್ಥಿರವಾಗಿಲ್ಲ: ದಟ್ಟಣೆಯಲ್ಲಿ 20 ಡಿಗ್ರಿ ಇರುವ ತಪ್ಪು ಹೆದ್ದಾರಿಯಲ್ಲಿ ಎರಡೇ ಡಿಗ್ರಿ ಇರಬಹುದು. ಸೆನ್ಸರನ್ನು ಕಾದ ಲೋಹದಿಂದ ದೂರ ಸರಿಸುವುದೇ ಉತ್ತಮ. ಆದರೆ ಟರ್ಬೊ ಇಲ್ಲದ, ಸೆನ್ಸರ್ ಮ್ಯಾನಿಫೋಲ್ಡಿನಲ್ಲಿ ಪ್ರತ್ಯೇಕವಾಗಿ ಕೂತಿರುವ ಎಂಜಿನ್ನುಗಳಿಗೆ ಮಾತ್ರ ಈ ಕೆಲಸ ಹೊಂದುತ್ತದೆ. ಐದು ವೈರಿನ ಎಂಎಎಫ್ ಸೆನ್ಸರಿನೊಳಗೇ ಐಎಟಿ ಅಡಗಿರುವ ವಾಹನಗಳಲ್ಲಿ ಅದು ಈಗಾಗಲೇ ಫಿಲ್ಟರಿನ ಪಕ್ಕದಲ್ಲಿರುವುದರಿಂದ ಸರಿಸಬೇಕಾದ್ದೇ ಇಲ್ಲ.

ಏರ್ ಫಿಲ್ಟರ್ ಪೆಟ್ಟಿಗೆಗೂ ಥ್ರಾಟಲಿಗೂ (ಒಳಹೋಗುವ ಗಾಳಿಯನ್ನು ನಿಯಂತ್ರಿಸುವ ಕವಾಟಕ್ಕೂ) ನಡುವಿನ ರಬ್ಬರ್ ಅಥವಾ ಪ್ಲಾಸ್ಟಿಕ್ ಕೊಳವೆಯಲ್ಲಿ, ಥ್ರಾಟಲಿಗೆ ಹತ್ತಿರವಾಗಿ, ರೇಡಿಯೇಟರ್ ಮತ್ತು ಎಕ್ಸಾಸ್ಟ್ ಎರಡರಿಂದಲೂ ದೂರವಿರುವ ನೇರ ಭಾಗವನ್ನು ಆರಿಸಬೇಕು. ಕೊಳವೆಯನ್ನು ವಾಹನದಿಂದ ಬಿಚ್ಚಿ ಹೊರತೆಗೆದ ಮೇಲೆಯೇ ರಂಧ್ರ ಕೊರೆಯಬೇಕು. ಅಂಚಿನ ಚೂರುಗಳನ್ನು ಚಾಕುವಿನಿಂದ ಹೆರೆದು, ಒಳಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಒಂದು ಚೂರೂ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಈ ಜಾಗ ಫಿಲ್ಟರನ್ನು ದಾಟಿದ ಮೇಲಿನದು, ಇಲ್ಲಿ ಉಳಿದದ್ದು ನೇರವಾಗಿ ಸಿಲಿಂಡರಿಗೆ ಹೋಗುತ್ತದೆ. ರಂಧ್ರಕ್ಕೆ ಬಿಗಿಯಾಗಿ ಕೂರುವ ರಬ್ಬರ್ ಗ್ರಾಮೆಟ್ (ಬಳೆಯಂಥ ಸೀಲು) ಹಾಕಿ, ಸೆನ್ಸರಿನ ತುದಿ ಕೊಳವೆಯ ವ್ಯಾಸದ ಮೂರನೇ ಒಂದು ಭಾಗದಷ್ಟಾದರೂ ಒಳಗೆ ಚಾಚುವಂತೆ ಕೂರಿಸಬೇಕು. ಮ್ಯಾನಿಫೋಲ್ಡಿನಲ್ಲಿ ಖಾಲಿಯಾದ ರಂಧ್ರವನ್ನು ಅದೇ ಥ್ರೆಡ್ಡಿನ ಪ್ಲಗ್ಗಿನಿಂದ ಮುಚ್ಚದಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿ ಐಡ್ಲಿಂಗ್ ಕೆಡುತ್ತದೆ.

ವೈರನ್ನು ಉದ್ದ ಮಾಡುವಾಗ ಎರಡೂ ವೈರುಗಳನ್ನು ಇಸಿಯುವಿನ ಮೂಲ ವೈರುಗಳಿಗೇ ಜೋಡಿಸಬೇಕು. ಸೆನ್ಸರಿನ ಹಿಂದಿರುಗುವ ವೈರನ್ನು ಬಾಡಿ ಅರ್ಥಿಗೆ ಸಿಕ್ಕಿಸಿದರೆ, ಲೈಟು ಅಥವಾ ಫ್ಯಾನು ಹೊತ್ತಿಕೊಂಡಾಗಲೆಲ್ಲ ಓದು ಅಲುಗಾಡುತ್ತದೆ. ಥರ್ಮಿಸ್ಟರಿಗೆ ಪ್ಲಸ್ ಮೈನಸ್ ಭೇದವಿಲ್ಲವಾದರೂ ಬಣ್ಣಗಳನ್ನು ಹಾಗೆಯೇ ಉಳಿಸಿಕೊಂಡರೆ ಮುಂದೆ ದೋಷ ಹುಡುಕುವವರಿಗೆ ಅನುಕೂಲ. ಒಂದೆರಡು ಮೀಟರ್ ತಾಮ್ರದ ವೈರು ಸೇರಿಸುವ ರೋಧ ಓದಿಗೆ ಲೆಕ್ಕಕ್ಕಿಲ್ಲದಷ್ಟು ಸಣ್ಣದು. ಇಗ್ನಿಷನ್ ಕಾಯಿಲಿನ ವೈರುಗಳಿಂದ ದೂರವಾಗಿ, ಹೊದಿಕೆಯೊಳಗೆ ಸಾಗಿಸಿ ಕಟ್ಟಬೇಕು.

ಇಲ್ಲೊಂದು ಎಚ್ಚರ ಅಗತ್ಯ. ಮ್ಯಾನಿಫೋಲ್ಡಿನ ಕಾವಿನಲ್ಲಿ ಒಂದಷ್ಟು ಪಾಲು ನಿಜವಾಗಿಯೇ ಗಾಳಿಗೆ ಸೇರುತ್ತದೆ, ತಯಾರಕರ ಲೆಕ್ಕವೂ ಸೆನ್ಸರ್ ಅಲ್ಲಿಯೇ ಇರುತ್ತದೆಂದು ನಂಬಿ ಮಾಡಿದ್ದು. ಆದ್ದರಿಂದ ಜಾಗ ಬದಲಿಸಿದ ಮೇಲೆ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಇಸಿಯು ಕಲಿತಿಟ್ಟುಕೊಂಡ ಟ್ರಿಮ್) ಮೊದಲಿಗಿಂತ ಶೇಕಡಾ ಐದಕ್ಕೂ ಹೆಚ್ಚು ಮೈನಸ್ ಕಡೆಗೆ ಸರಿದರೆ, ತಿದ್ದುಪಡಿ ಅಗತ್ಯಕ್ಕಿಂತ ಹೆಚ್ಚಾಗಿದೆ ಎಂದು ನಾನು ಭಾವಿಸುತ್ತೇನೆ. ಆಗ ಸೆನ್ಸರನ್ನು ಹಳೆಯ ಜಾಗಕ್ಕೇ ಮರಳಿಸಿ, ಲೋಹದ ಮೈಯ ಬದಲು ಪ್ಲಾಸ್ಟಿಕ್ ಮೈಯ, ತೆರೆದ ತುದಿಯ, ಅದೇ ರೋಧದ ಪಟ್ಟಿಯ ಸೆನ್ಸರನ್ನು ಹಾಕುವುದು ಒಳ್ಳೆಯದು. ಅದು ಕಾವನ್ನು ಕಡಿಮೆ ಹೀರುತ್ತದೆ, ಗಾಳಿಯ ಬದಲಾವಣೆಗೆ ಬೇಗ ಸ್ಪಂದಿಸುತ್ತದೆ. ಕೆಲವೊಮ್ಮೆ ಇಷ್ಟರಲ್ಲಿಯೇ ಕೆಲಸ ಮುಗಿಯುತ್ತದೆ.

ಟರ್ಬೊ ಡೀಸೆಲ್ ಟ್ರಕ್ಕುಗಳು

ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಇಲ್ಲ, ಆದ್ದರಿಂದ ಮರಳಿ ಪಡೆಯಬೇಕಾದ ಇಗ್ನಿಷನ್ ಟೈಮಿಂಗೂ ಇಲ್ಲ. ಇಲ್ಲಿ ಗಾಳಿಯ ತಾಪಮಾನವನ್ನು ಇಸಿಯು ಇಂಜೆಕ್ಷನ್ ಟೈಮಿಂಗ್, ಇಜಿಆರ್ (ಹೊಗೆಯ ಒಂದು ಪಾಲನ್ನು ಮರಳಿ ಎಂಜಿನ್ನಿಗೆ ಕಳುಹಿಸುವ ವ್ಯವಸ್ಥೆ), ಹೊಗೆ ಮಿತಿಯ ಲೆಕ್ಕ ಮತ್ತು ತಣ್ಣಗಿರುವಾಗಿನ ಹೀಟರ್ ನಿಯಂತ್ರಣಕ್ಕೆ ಬಳಸುತ್ತದೆ. ಗಾಳಿ ಮಿತಿಮೀರಿ ಬಿಸಿಯಾದಾಗ ಇಂಧನವನ್ನು ತಾನಾಗಿ ಕಡಿತಗೊಳಿಸಿ ಎಂಜಿನ್ನನ್ನು ಕಾಯುತ್ತದೆ. ಟರ್ಬೊ ಗಾಳಿಯನ್ನು ಎಷ್ಟು ಕಾಯಿಸುತ್ತದೆ ಎಂಬುದಕ್ಕೆ ಒಂದು ಲೆಕ್ಕ ನೋಡಬಹುದು: 30 ಡಿಗ್ರಿಯ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ಏರಿಸುವ, ಶೇಕಡಾ 70 ದಕ್ಷತೆಯ ಕಂಪ್ರೆಸರಿನಿಂದ ಹೊರಬರುವ ಗಾಳಿ ಸುಮಾರು 125 ಡಿಗ್ರಿ ಇರುತ್ತದೆ. ಅದನ್ನು ತಣಿಸುವುದು ಇಂಟರ್‌ಕೂಲರ್. ಅದರ ನಂತರದ ಸೆನ್ಸರನ್ನು ಟರ್ಬೊಗೆ ಮುಂಚಿನ ಕೊಳವೆಗೆ ಸರಿಸುವುದು ಅಥವಾ ಅದಕ್ಕೆ ರೆಸಿಸ್ಟರ್ ಹಾಕುವುದು ಎಂದರೆ, ಇಂಟರ್‌ಕೂಲರ್ ಸೋತಾಗ ಎಚ್ಚರಿಸುವ ಮುಖ್ಯ ದಾರಿಯನ್ನು ಮುಚ್ಚಿದಂತೆ. ಪರಿಣಾಮವಾಗಿ ಎಕ್ಸಾಸ್ಟ್ ತಾಪಮಾನ ಏರುತ್ತದೆ, ಮಸಿ ಹೆಚ್ಚಿ ಡಿಪಿಎಫ್ (ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರ್) ಬೇಗ ಕಟ್ಟಿಕೊಳ್ಳುತ್ತದೆ. ಹೆಚ್ಚು ತಂಪೆಂದು ತೋರಿಸಿದರೆ ಕೆಲವು ಎಂಜಿನ್ನುಗಳಲ್ಲಿ ಗ್ರಿಡ್ ಹೀಟರ್ (ಒಳಸೇರುವ ಗಾಳಿಯನ್ನು ಕಾಯಿಸುವ ಸಾಧನ) ಅನಗತ್ಯವಾಗಿ ಹೊತ್ತಿ ಬ್ಯಾಟರಿಯಿಂದ ನೂರಕ್ಕೂ ಮೀರಿದ ಆಂಪಿಯರ್ ಎಳೆಯಬಹುದು. ಡೀಸೆಲ್ ಟ್ರಕ್ಕಿನಲ್ಲಿ ಇಂಟರ್‌ಕೂಲರಿನ ನಂತರದ ಈ ಚಾರ್ಜ್ ಏರ್ ಸೆನ್ಸರನ್ನು ಮುಟ್ಟಬಾರದು ಎಂಬುದೇ ನನ್ನ ನಿಲುವು.

ಗಾಳಿಯನ್ನೇ ತಂಪು ಮಾಡುವುದು

ಒಳಸೇರುವ ಗಾಳಿ ನಿಜವಾಗಿ 60ರಿಂದ 40 ಡಿಗ್ರಿಗೆ ಇಳಿದರೆ ಅದರ ಸಾಂದ್ರತೆ ಶೇಕಡಾ 6ರಷ್ಟು ಹೆಚ್ಚುತ್ತದೆ, ಸೆನ್ಸರ್ ಅದನ್ನು ಸತ್ಯವಾಗಿ ವರದಿ ಮಾಡುತ್ತದೆ, ಇಸಿಯು ತಾನಾಗಿಯೇ ಟೈಮಿಂಗ್ ಕೊಡುತ್ತದೆ. ಸುಳ್ಳು ಸಂಕೇತದಿಂದ ಕಿತ್ತುಕೊಳ್ಳಲು ಹೊರಟದ್ದು ಇಲ್ಲಿ ಅಪಾಯವಿಲ್ಲದೆ ಸಿಗುತ್ತದೆ. ಇದಕ್ಕಾಗಿ ಮಾಡಬೇಕಾದ ಕೆಲಸಗಳು ಆಕರ್ಷಕವಲ್ಲ, ಆದರೆ ಫಲ ಕೊಡುತ್ತವೆ. ಫಿಲ್ಟರ್ ಪೆಟ್ಟಿಗೆಯ ಸೀಲನ್ನು ಹೊಸದು ಮಾಡಿ, ಗಾಳಿ ಕೊಳವೆಯ ಬಾಯಿ ರೇಡಿಯೇಟರಿನ ಹಿಂಭಾಗದಿಂದ ಅಲ್ಲದೆ ಮುಂಭಾಗದಿಂದ ಅಥವಾ ಚಕ್ರದ ಮಡ್‌ಗಾರ್ಡಿನ ಕಡೆಯಿಂದ ಗಾಳಿ ಎಳೆಯುವಂತೆ ನೋಡಿಕೊಳ್ಳಬೇಕು. ಎಕ್ಸಾಸ್ಟ್ ಮ್ಯಾನಿಫೋಲ್ಡಿಗೂ ಗಾಳಿ ಕೊಳವೆಗೂ ನಡುವೆ ಹೀಟ್ ಶೀಲ್ಡ್ ಇದ್ದು ಕಳಚಿಹೋಗಿದ್ದರೆ ಮರಳಿ ಹಾಕಬೇಕು. ಬಾನೆಟ್ಟಿನೊಳಗೆ ತೆರೆದಿಟ್ಟ ಶಂಕುವಿನಾಕಾರದ ಫಿಲ್ಟರುಗಳು ಜೋರು ಸದ್ದು ಮಾಡುತ್ತವೆ ನಿಜ, ಆದರೆ ಎಳೆಯುವುದು ಎಂಜಿನ್ನಿನ ಸುತ್ತಲಿನ ಬಿಸಿ ಗಾಳಿಯನ್ನೇ. ಅವನ್ನು ತೆಗೆದು ಮೂಲ ಪೆಟ್ಟಿಗೆಯನ್ನೇ ಮತ್ತೆ ಕೂರಿಸಿದಾಗ ಐಎಟಿ ಇಳಿದರೆ ಆಶ್ಚರ್ಯಪಡಬೇಕಿಲ್ಲ.

ಟರ್ಬೊ ವಾಹನಗಳಲ್ಲಿ ಇಂಟರ್‌ಕೂಲರಿನ ಹೊರಗಿನ ರೆಕ್ಕೆಗಳ ನಡುವೆ ಸೇರಿದ ಹುಳು, ಧೂಳು, ಎಣ್ಣೆಯ ಪಸೆಯನ್ನು ಕಡಿಮೆ ಒತ್ತಡದ ನೀರಿನಿಂದ, ಹಿಂಭಾಗದಿಂದ ಮುಂಭಾಗಕ್ಕೆ ತೊಳೆಯಬೇಕು. ಜೋರಾದ ಒತ್ತಡ ರೆಕ್ಕೆಗಳನ್ನು ಮಡಚಿಹಾಕುತ್ತದೆ. ಹೋಸುಗಳ ತುದಿಯಲ್ಲಿ ಎಣ್ಣೆಯ ಕಲೆ ಕಂಡರೆ ಅಲ್ಲಿಂದ ಒತ್ತಡ ಸೋರುತ್ತಿರಬಹುದು; ಸೋರಿಕೆಯನ್ನು ಸರಿದೂಗಿಸಲು ಟರ್ಬೊ ಹೆಚ್ಚು ತಿರುಗಿ ಗಾಳಿ ಇನ್ನಷ್ಟು ಕಾಯುತ್ತದೆ.

ಇವೆಲ್ಲ ಮುಗಿದ ಮೇಲೂ ಇನ್ನಷ್ಟು ಶಕ್ತಿ ಬೇಕೆನಿಸಿದರೆ, ಇಸಿಯುವಿನೊಳಗಿನ ತಾಪಮಾನ ಮತ್ತು ಟೈಮಿಂಗ್ ಕೋಷ್ಟಕವನ್ನೇ, ನಾಕಿಂಗ್ ಅಳೆಯುವ ಸಾಧನವಿರುವ ಡೈನೋ ಮೇಲೆ, ಬಲ್ಲವರಿಂದ ತಿದ್ದಿಸಬೇಕು. ಆ ತಿದ್ದುಪಡಿಯೂ ಹೊಗೆಯ ನಿಯಮಗಳ ಮಿತಿಯೊಳಗಿರಬೇಕು. ಅಲ್ಲಿ 40 ಡಿಗ್ರಿಗೆ ಎಷ್ಟು ಟೈಮಿಂಗ್, 80 ಡಿಗ್ರಿಗೆ ಎಷ್ಟು ಎಂಬುದನ್ನು ಬೇರೆಬೇರೆಯಾಗಿ ನಿರ್ಧರಿಸಬಹುದು. ಒಂದೇ ರೋಧದ ರೆಸಿಸ್ಟರಿನಿಂದ ಆಗದ ಕೆಲಸ ಅದು.

ಯಾವ ಬದಲಾವಣೆ ಮಾಡಿದರೂ, ಮೊದಲಿನ ಅಳತೆಯ ದಿನದಂಥದೇ ಹವೆಯಲ್ಲಿ, ಅದೇ ರಸ್ತೆಯಲ್ಲಿ, ಅದೇ ಭಾರದೊಂದಿಗೆ ಮತ್ತೊಮ್ಮೆ ದಾಖಲಿಸಿ ಎರಡು ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ತಂಪಾದ ಬೆಳಗಿನ ಓಟವನ್ನು ಬಿಸಿಲಿನ ಮಧ್ಯಾಹ್ನದ ಓಟಕ್ಕೆ ಹೋಲಿಸಿದರೆ ಏನೂ ಮಾಡದಿದ್ದರೂ ಸುಧಾರಣೆ ಕಾಣಿಸುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಗ್ರಾಮೆಟ್, ಕ್ಲಾಂಪು ಮತ್ತು ಬೆಸುಗೆಗಳನ್ನು ಕೈಯಿಂದ ಅಲ್ಲಾಡಿಸಿ ನೋಡಿ, ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ಮನ್ನು ಇನ್ನೊಮ್ಮೆ ಓದಿ, ಬಾಕಿ ಉಳಿದ ದೋಷಸಂಕೇತಗಳಿವೆಯೇ ಎಂದು ಸ್ಕ್ಯಾನರಿನಲ್ಲಿ ಪರಿಶೀಲಿಸಬೇಕು.